ಇಪ್ಪತ್ತೈದು ಟನ್ ಕಬ್ಬಿನ ಫೋನು

ಮೂಡಲಗಿ ತಾಲ್ಲೂಕಿನ ಕುಲಗೋಡದಲ್ಲಿ ಹೊಸ ಫೋನ್ ಕೊಳ್ಳುವ ಹಂಗಾಮು ಕಬ್ಬಿನ ಹಂಗಾಮಿನ ಬೆನ್ನಿಗೇ ಬರುತ್ತದೆ. ಕಾರ್ಖಾನೆಯ ಬಿಲ್ಲು ಖಾತೆಗೆ ಜಮಾ ಆಯಿತೆಂದು ಮೆಸೇಜ್ ಬಂದ ಮೇಲೆ ಮೊದಲು ಸೊಸೈಟಿ ಸಾಲ, ಆಮೇಲೆ ಗೊಬ್ಬರದ ಅಂಗಡಿಯ ಉದ್ರಿ, ಮಕ್ಕಳ ಫೀ, ಕಟಾವಿನ ಗ್ಯಾಂಗಿಗೆ ಕೊಟ್ಟ ಖುಷಾಲಿಯ ಲೆಕ್ಕ. ಇಷ್ಟನ್ನೆಲ್ಲ ಕಳೆದು ಉಳಿದ ದುಡ್ಡಿನ ಮೇಲೆ ಮನೆಮಂದಿಯ ಕಣ್ಣು ಬೀಳುತ್ತದೆ. ಆಗ ಏಳುವ ಪ್ರಶ್ನೆ: ಆಂಡ್ರಾಯ್ಡೋ, ಐಫೋನೋ?

ಈ ಭಾಗದಲ್ಲಿ ದೊಡ್ಡ ಬೆಲೆಯನ್ನು ಟನ್ನಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ಧರಣಿ ಕೂತರು. ನವೆಂಬರಿನಲ್ಲಿ ಮಾತು 3,300ಕ್ಕೆ ನಿಂತಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಐಫೋನ್ 17 ಭಾರತದಲ್ಲಿ 82,900 ರೂಪಾಯಿಗೆ ಮಾರಾಟಕ್ಕೆ ಬಂದಿತ್ತು. ಭಾಗಿಸಿ ನೋಡಿದರೆ ಒಂದು ಫೋನಿಗೆ ಇಪ್ಪತ್ತೈದು ಟನ್ ಕಬ್ಬು. ಅದೂ ಬೀಜ, ಗೊಬ್ಬರ, ನೀರು, ಆಳಿನ ಖರ್ಚು ತೆಗೆಯದೆ ಹಾಕಿದ ಲೆಕ್ಕ. ಹತ್ತು ಸಾವಿರದ ಆಂಡ್ರಾಯ್ಡ್ ಸೆಟ್ಟಾದರೆ ಮೂರು ಟನ್ನಿಗೆ ಮುಗಿಯುತ್ತದೆ.

ಗೋಕಾಕದ ಕಾಲೇಜಿಗೆ ಹೋಗುವ ಮಗ ಇರುವ ಮನೆಗಳಲ್ಲಿ ಈ ಮಾತು ಹೆಚ್ಚುಕಡಿಮೆ ಒಂದೇ ಥರ ನಡೆಯುತ್ತದೆ.

"ಅಪ್ಪಾ, ಈ ಸಲ ಐಫೋನ್ ತಗೊಳ್ಳೋಣು. ಕಂತಿನ ಮ್ಯಾಲೆ ಕೊಡ್ತಾರು."

"ಕಂತ ಯಾರ್ ತುಂಬಾವ್ರು? ಇಪ್ಪತ್ತೈದ್ ಟನ್ ಕಬ್ಬು ಕಿಸೇದಾಗ ಇಟ್ಕೊಂಡ್ ತಿರಗ್ತಿ ಏನ?"

"ಹಂಗಲ್ಲೋ ಅಪ್ಪಾ, ಏಳೆಂಟ್ ವರ್ಷ ನಡೀತೈತಿ. ನಿನ್ನ ಸೆಟ್ ಎರಡ್ ವರ್ಷಕ್ಕ ಸುಸ್ತಾಗಿ ಕುಂತೈತಿ, ನೋಡು."

ಮಗನ ಮಾತಿನಲ್ಲೂ ಹುರುಳಿದೆ, ಅಪ್ಪನ ಮಾತಿನಲ್ಲೂ ಹುರುಳಿದೆ. ಇದು ಹುಡುಗರ ಶೋಕಿಯ ವಿಷಯವೆಂದು ತಳ್ಳಿಹಾಕುವ ಕಾಲ ಹೋಯಿತು. ಪಾಸ್‌ಬುಕ್ಕು, ಪಹಣಿ, ಬೆಳೆ ಸಮೀಕ್ಷೆ, ರೇಷನ್ ಓಟಿಪಿ, ಗೃಹಲಕ್ಷ್ಮಿಯ ಎರಡು ಸಾವಿರ ಜಮಾ ಆದ ಸುದ್ದಿ, ಎಲ್ಲವೂ ಅಂಗೈಯಗಲದ ಆ ಗಾಜಿನಲ್ಲೇ ಇದೆ. ಅದನ್ನು ನಡೆಸುವ ವ್ಯವಸ್ಥೆ ಯಾರದು, ಎಷ್ಟು ದಿನ ಬಾಳುತ್ತದೆ, ನಮ್ಮ ಮಾತು ಅದಕ್ಕೆ ತಿಳಿಯುತ್ತದೆಯೇ ಎಂದು ಕೇಳುವುದು ಎತ್ತು ಕೊಳ್ಳುವಾಗ ಹಲ್ಲು ನೋಡಿದಷ್ಟೇ ಸಹಜ.

ಇವತ್ತಿಗೆ ಕಣದಲ್ಲಿ ಉಳಿದವು ಎರಡೇ. ಆದರೆ ಹಳ್ಳಿಯ ಮನೆಗಳ ಗೂಡಿನಲ್ಲಿ, ಟ್ರಂಕಿನ ತಳದಲ್ಲಿ ತಡಕಿದರೆ ಇನ್ನೂ ಹಲವು ವ್ಯವಸ್ಥೆಗಳ ಅವಶೇಷ ಸಿಗುತ್ತದೆ. ಮೊದಲು ನೋಕಿಯಾ 1100. 2003ರಲ್ಲಿ ಬಂದ ಈ ಸೆಟ್ಟಿನ ನೆತ್ತಿಯ ಮೇಲೊಂದು ಬ್ಯಾಟರಿ ದೀಪವಿತ್ತು, ಧೂಳು ಒಳಗೆ ಹೋಗದಂಥ ಕೀಪ್ಯಾಡ್ ಇತ್ತು. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಬಂದಾಗ ಹೊಲಕ್ಕೆ ಹೋಗಿ ಮೋಟರ್ ಚಾಲೂ ಮಾಡುವವನಿಗೆ ಆ ದೀಪವೇ ದೊಡ್ಡ ಆಸರೆ. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನ್ ಅದು. ಅದರ ಮುಂದಿನ ಮಟ್ಟದ ನೋಕಿಯಾಗಳಲ್ಲಿ ಸಿಂಬಿಯನ್ ಎಂಬ ವ್ಯವಸ್ಥೆ ಇತ್ತು. ನೋಕಿಯಾ ಎಂದೂ ಅಲುಗದು ಎಂದು ನಂಬಿದ್ದ ಕಾಲ. 2011ರ ಫೆಬ್ರುವರಿಯಲ್ಲಿ ಅದೇ ನೋಕಿಯಾ ಸಿಂಬಿಯನ್ ಕೈಬಿಟ್ಟು ಮೈಕ್ರೋಸಾಫ್ಟಿನ ವಿಂಡೋಸ್ ಫೋನ್ ಹಿಡಿಯಿತು. ಲೂಮಿಯಾ ಎಂಬ ಬಣ್ಣಬಣ್ಣದ ಸೆಟ್ಟುಗಳು ಬಂದವು. ಕೈಯಲ್ಲಿ ಹಿಡಿದರೆ ಗಟ್ಟಿ, ನೋಡಲು ಚೆಂದ. ಆದರೆ ಬೇಕಾದ ಆ್ಯಪ್‌ಗಳು ಬರಲಿಲ್ಲ. ಆ್ಯಪ್ ಇಲ್ಲವೆಂದು ಜನ ಕೊಳ್ಳಲಿಲ್ಲ, ಜನ ಕೊಳ್ಳಲಿಲ್ಲವೆಂದು ಆ್ಯಪ್ ಮಾಡುವವರು ಮಾಡಲಿಲ್ಲ. 2019ರ ಡಿಸೆಂಬರ್ ಕೊನೆಗೆ ವಾಟ್ಸ್‌ಆ್ಯಪ್ ಕೂಡ ವಿಂಡೋಸ್ ಫೋನಿನಿಂದ ಹೊರಟುಹೋಯಿತು. ಸೆಟ್ ಕೆಡಲಿಲ್ಲ, ಸುಮ್ಮನೆ ಬೇಡವಾಯಿತು.

ಬಡವರ ಫೋನಿಗೆಂದೇ ಬಂದ ವ್ಯವಸ್ಥೆಗಳ ಕಥೆಯೂ ಅಷ್ಟೇ. 2014ರ ಆಗಸ್ಟಿನಲ್ಲಿ ಇಂಟೆಕ್ಸ್ ಕಂಪನಿ 1,999 ರೂಪಾಯಿಗೆ ಫೈರ್‌ಫಾಕ್ಸ್ ಓಎಸ್ ಇರುವ ಫೋನ್ ತಂದಿತು. ಮರುವರ್ಷ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನದೇ ಟೈಜೆನ್ ವ್ಯವಸ್ಥೆಯ ಝಡ್1 ಸೆಟ್ಟನ್ನು 5,700ಕ್ಕೆ ಇಟ್ಟಿತು. ಎರಡೂ ಬೇರೂರಲಿಲ್ಲ.

ಹಳ್ಳಿಗಳನ್ನು ನಿಜವಾಗಿ ಹೊಕ್ಕ ಮೂರನೆಯ ವ್ಯವಸ್ಥೆ ಎಂದರೆ ಜಿಯೋಫೋನಿನ ಕೈಓಎಸ್. 2016ರ ಸೆಪ್ಟೆಂಬರ್ 5ರಂದು ಜಿಯೋ ಸಿಮ್ ಬಂದು ಡೇಟಾ ಅಗ್ಗವಾಯಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಕೀಪ್ಯಾಡ್ ಇರುವ 4ಜಿ ಫೋನ್ ಕೊಟ್ಟರು. ಟಚ್ ಫೋನಿಗೆ ಕೈ ಒಗ್ಗದ ಹಿರಿಯರು, ಅಡುಗೆಮನೆಯ ಹೆಣ್ಣುಮಕ್ಕಳು ಯೂಟ್ಯೂಬ್ ನೋಡಲು ಕಲಿತದ್ದು ಎಷ್ಟೋ ಕಡೆ ಈ ಸೆಟ್ಟಿನಲ್ಲೇ. ಮರುವರ್ಷ ಅದಕ್ಕೆ ವಾಟ್ಸ್‌ಆ್ಯಪ್ ಬಂದಾಗ ಹಬ್ಬವೇ ಆಯಿತು. 2024ರ ಜೂನಿನ ಹೊತ್ತಿಗೆ ಕೈಓಎಸ್‌ನಲ್ಲಿ ಹೊಸದಾಗಿ ವಾಟ್ಸ್‌ಆ್ಯಪ್ ಇಳಿಸಿಕೊಳ್ಳುವುದು ನಿಂತಿತು. ಆ ಫೋನ್ ಹಿಡಿದವರಲ್ಲಿ ಬಹಳ ಮಂದಿ ಕಡಿಮೆ ಆದಾಯದವರು. ಹೀಗೆ ಬಾಗಿಲು ಮುಚ್ಚುವಾಗ ಮೊದಲು ಹೊರಗೆ ಉಳಿಯುವವರೂ ಅವರೇ. ಯಾವ ಫೋನ್ ಒಳ್ಳೆಯದು ಎಂದು ಬರೆಯುವವರು ಈ ಸಂಗತಿಯನ್ನು ಬರೆಯುವುದು ಕಡಿಮೆ.

ಆಂಡ್ರಾಯ್ಡ್ ಗೆದ್ದದ್ದು ಹೇಗೆ? ಐಫೋನಿಗೆ ವಯಸ್ಸು ಹೆಚ್ಚು. ಸ್ಟೀವ್ ಜಾಬ್ಸ್ ಅದನ್ನು ತೋರಿಸಿದ್ದು 2007ರ ಜನವರಿ 9ರಂದು. ಭಾರತಕ್ಕೆ ಐಫೋನ್ 3ಜಿ ಬಂದದ್ದು 2008ರ ಆಗಸ್ಟಿನಲ್ಲಿ, ಏರ್‌ಟೆಲ್ ಮತ್ತು ವೊಡಾಫೋನ್ ಮೂಲಕ, 8 ಜಿಬಿ ಸೆಟ್ಟಿಗೆ 31,000 ರೂಪಾಯಿ. ಆಗ ಆ ದುಡ್ಡಿಗೆ ಹಾಲು ಕೊಡುವ ಎಮ್ಮೆ ಬರುತ್ತಿತ್ತು. ಗೂಗಲ್ ಬೇರೆ ದಾರಿ ಹಿಡಿಯಿತು. ವ್ಯವಸ್ಥೆಯನ್ನು ತಾನು ಮಾಡಿ ಸೆಟ್ ಮಾಡುವ ಕೆಲಸವನ್ನು ಯಾರು ಬೇಕಾದರೂ ಮಾಡಿ ಎಂದು ಬಿಟ್ಟಿತು. ಆದ್ದರಿಂದ ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾದಂಥ ನಮ್ಮವರೂ ಇಳಿದರು, ಆಮೇಲೆ ಚೀನಾದ ಶಾವೋಮಿ, ವಿವೋ, ಒಪ್ಪೊ ಬಂದವು. 2014ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಆಂಡ್ರಾಯ್ಡ್ ಒನ್ ಬಿಡುಗಡೆ ಮಾಡಿ 6,399 ರೂಪಾಯಿಯಿಂದ ಮಾರಾಟ ಶುರುವಾಯಿತು. ಕೈಗೆಟುಕುವ ಬೆಲೆಯ ಫೋನ್ ಊರೂರಿನ ಅಂಗಡಿಗೆ ಮುಟ್ಟಿತು. ಈಗ ಭಾರತದ ನೂರು ಸ್ಮಾರ್ಟ್‌ಫೋನಿನಲ್ಲಿ ತೊಂಬತ್ತೈದರ ಆಸುಪಾಸು ಆಂಡ್ರಾಯ್ಡ್.

ಬೆಲೆಯೊಂದೇ ಕಾರಣವಲ್ಲ. ಮಾತೂ ಕಾರಣ.

ಮೊದಮೊದಲ ಆಂಡ್ರಾಯ್ಡ್ ಸೆಟ್ಟುಗಳಲ್ಲಿ ಕನ್ನಡದ ಸುದ್ದಿ ತೆರೆದರೆ ಸಾಲುಸಾಲು ಖಾಲಿ ಚೌಕಗಳು ಕಾಣುತ್ತಿದ್ದವು. ಕೆಲವು ಸೆಟ್ಟಿನಲ್ಲಿ ಅಕ್ಷರ ಮೂಡಿದರೂ ಒತ್ತು ಕೆಳಗೆ ಕೂಡದೆ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. "ಅಕ್ಕ" ಎಂದು ಕಳಿಸಿದರೆ ಒಂದು ಅಕ್ಷರ ಒಡೆದು ಎರಡಾಗಿ ಕಾಣುತ್ತಿತ್ತು. ಬರುಬರುತ್ತ ಅದು ಸುಧಾರಿಸಿತು. 2014ರಲ್ಲಿ ಬಂದ ಲಾಲಿಪಾಪ್ ಆವೃತ್ತಿಯಲ್ಲಿ ಫೋನಿನ ಮೆನು, ಸೆಟ್ಟಿಂಗು, ಎಚ್ಚರಿಕೆಯ ಮಾತು ಎಲ್ಲವೂ ಕನ್ನಡದಲ್ಲಿ ಸಿಗುವಂತಾಯಿತು. ಕೆ.ಪಿ. ರಾವ್ ಅವರು ಕಂಪ್ಯೂಟರಿಗಾಗಿ ರೂಪಿಸಿದ ಕೀಲಿ ವಿನ್ಯಾಸದಲ್ಲೇ ಟೈಪ್ ಮಾಡುವ ಕೀಬೋರ್ಡ್ ಆ್ಯಪ್‌ಗಳನ್ನು ನಮ್ಮ ಹುಡುಗರೇ ಮಾಡಿ ಪುಕ್ಕಟೆ ಹಂಚಿದರು. 2017ರಲ್ಲಿ ಗೂಗಲ್ ಕನ್ನಡದ ಮಾತನ್ನು ಕೇಳಿ ಅಕ್ಷರ ಮಾಡುವ ಸೌಲಭ್ಯ ಕೊಟ್ಟಿತು.

ಐಫೋನಿನಲ್ಲಿ ಕನ್ನಡ ಓದಲು ಬರುತ್ತಿತ್ತು, ಬರೆಯುವುದೇ ಕಷ್ಟ. ಆ್ಯಪಲ್‌ನ ಸ್ವಂತ ಕನ್ನಡ ಕೀಬೋರ್ಡ್ ಬಂದದ್ದು 2017ರ ಐಓಎಸ್ 11ರಲ್ಲಿ. ಫೋನಿನ ಮೆನು ಕನ್ನಡವಾಗಲು 2025ರ ಐಓಎಸ್ 18.4 ಬರಬೇಕಾಯಿತು. ಲಾಲಿಪಾಪಿಗೂ ಅದಕ್ಕೂ ಹತ್ತು ವರ್ಷಕ್ಕೂ ಮೀರಿದ ಅಂತರ. ಆ ಹತ್ತು ವರ್ಷದಲ್ಲಿ ಇಂಗ್ಲಿಷ್ ಬಾರದ ಒಂದು ಇಡೀ ತಲೆಮಾರು ಸ್ಮಾರ್ಟ್‌ಫೋನ್ ಬಳಸಲು ಕಲಿತುಬಿಟ್ಟಿತು. ಅವರಿಗೆ ಆಂಡ್ರಾಯ್ಡ್ ಗುರುತಿನ ಮನೆ, ಐಫೋನ್ ಪರಸ್ಥಳ. ಆ್ಯಪಲ್ ಈಗಲಾದರೂ ಬಂದದ್ದು ಸಂತೋಷ. ನಾಲ್ಕೂವರೆ ಕೋಟಿಗೆ ಸಮೀಪ ಜನ ತಾಯ್ನುಡಿಯಾಗಿ ಆಡುವ ಭಾಷೆಯನ್ನು ಇಷ್ಟು ತಡವಾಗಿ ನೆನೆದದ್ದು ಮಾತ್ರ ಸರಿಯಲ್ಲ.

ಕುಲಗೋಡಕ್ಕೆ ಈ ಮಾತು ಇನ್ನೂ ಒಂದು ಕಾರಣಕ್ಕೆ ಸಲ್ಲುತ್ತದೆ. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ, ಹಾಡು ಕೂಡಿಸಿ, ಬಯಲಿನಲ್ಲಿ ಕುಣಿಸಿ ಉತ್ತರ ಕರ್ನಾಟಕದ ಮನೆಮಾತಾಗಿ ಮಾಡಿದ ಕುಲಗೋಡ ತಮ್ಮಣ್ಣನ ಊರಿದು. ನೆರೆಯ ಕೌಜಲಗಿಯ ನಿಂಗಮ್ಮ ಆ ಆಟದಿಂದಲೇ ನಾಡಿಗೆಲ್ಲ ಹೆಸರಾದಳು. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಟ್ಟ, ಅದು ಸತ್ಯಭಾಮೆಯ ಕಿವಿಗೆ ಬಿತ್ತು. ಅಲ್ಲಿಂದ ಶುರುವಾದ ಸವಾಲು ಜವಾಬು ಬೆಳಕು ಹರಿಯುವ ತನಕ ನಡೆಯುತ್ತದೆ. ಇಂಥ ಆಟ ನೋಡಿ ಬೆಳೆದ ಅಜ್ಜನಿಗೆ ಫೋನ್ ಬೇಕಾಗುವುದು ಮುಖ್ಯವಾಗಿ ಪದ ಕೇಳಲಿಕ್ಕೆ.

ಅಜ್ಜನ ಫೋನನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಹಿಂಬದಿಯ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ಸಿಮ್ಮಿನ ಪಕ್ಕದ ಗೂಡಿನಲ್ಲಿ ಉಗುರಿನಷ್ಟು ದೊಡ್ಡ ಮೆಮರಿ ಕಾರ್ಡ್, ಅದರ ಮೇಲಿನ ಬರಹ ಅಳಿಸಿಹೋಗಿದೆ. ಅಂಗಡಿಗೆ ಹೋಗಿ "ತಮ್ಮಾ, ಪಾರಿಜಾತ ಎಲ್ಲಾ ಹಾಕಿಕೊಡು, ಭಜನಿ ಪದಾನೂ ಇರಲಿ" ಎಂದು ದುಡ್ಡು ಕೊಟ್ಟು ತುಂಬಿಸಿಕೊಂಡ ಕಾರ್ಡದು. ರಾತ್ರಿ ಹಾಸಿಗೆಯ ಪಕ್ಕ ಇಟ್ಟರೆ ನೆಟ್‌ವರ್ಕ್ ಇರಲಿ ಬಿಡಲಿ, ರಿಚಾರ್ಜ್ ಮುಗಿಯಲಿ, ಪದ ನಿಲ್ಲುವುದಿಲ್ಲ. ಸೆಟ್ ಕೆಟ್ಟರೆ ಕಾರ್ಡ್ ತೆಗೆದು ಇನ್ನೊಂದಕ್ಕೆ ಹಾಕಿದರಾಯಿತು. ಐಫೋನಿನಲ್ಲಿ ಮೆಮರಿ ಕಾರ್ಡಿನ ಗೂಡು ಇಂದಿನವರೆಗೆ ಬಂದಿಲ್ಲ. ದುಬಾರಿ ಆಂಡ್ರಾಯ್ಡ್ ಸೆಟ್ಟುಗಳಲ್ಲೂ ಅದು ಮಾಯವಾಗುತ್ತಿದೆ. ಫೋನ್ ಹೋಲಿಸುವ ವಿಡಿಯೊಗಳಲ್ಲಿ ಈ ಗೂಡಿಗೆ ಅರ್ಧ ವಾಕ್ಯ ಸಿಕ್ಕರೆ ಹೆಚ್ಚು. ಅಜ್ಜನಿಗಾದರೋ ಅದಿಲ್ಲದ ಫೋನ್ ಫೋನೇ ಅಲ್ಲ.

ಹೊಸ ಪದ ಬೇಕೆಂದಾಗ ಅಜ್ಜ ಯೂಟ್ಯೂಬಿನ ಮೈಕ್ ಗುರುತು ಒತ್ತಿ "ಪಾರಿಜಾತ ಹಚ್ಚು" ಎನ್ನುತ್ತಾನೆ. ಓದು ಬರಹ ಬಾರದವರಿಗೆ ಈ ಮೈಕ್ ಕೊಟ್ಟ ಸ್ವಾತಂತ್ರ್ಯ ಸಣ್ಣದಲ್ಲ.

ಅಪ್ಪನ ಲೆಕ್ಕ ಬೇರೆ. ಅವನಿಗೆ ಮುಂಗಾರಿನಲ್ಲಿ ಬೆಳೆ ಸಮೀಕ್ಷೆ ಇದೆ. 2020ರಿಂದ ರಾಜ್ಯ ಸರ್ಕಾರ ರೈತರೇ ತಮ್ಮ ಬೆಳೆಯನ್ನು ಆ್ಯಪಿನಲ್ಲಿ ದಾಖಲಿಸಲು ಅವಕಾಶ ಕೊಟ್ಟಿತು. "ನನ್ನ ಬೆಳೆ ನನ್ನ ಹಕ್ಕು" ಎಂಬುದು ಆಗಿನ ಘೋಷಣೆ. ಇಲಾಖೆಯ ಪ್ರಕಟಣೆ ಗೂಗಲ್ ಪ್ಲೇ ಸ್ಟೋರಿನಿಂದ ಇಳಿಸಿಕೊಳ್ಳಿ ಎಂದೇ ಹೇಳುತ್ತಿತ್ತು. ಸರ್ವೆ ನಂಬರ್ ಹಾಕಿ, ಹೊಲದ ಗಡಿಯೊಳಗೆ ನಿಂತು, ಜಿಪಿಎಸ್ ಹಿಡಿದ ಮೇಲೆ ಬೆಳೆಯ ಫೋಟೊ ತೆಗೆಯಬೇಕು. ಎದೆಮಟ್ಟ ಬೆಳೆದ ಕಬ್ಬಿನೊಳಗೆ ಫೋನ್ ಎತ್ತಿ ಹಿಡಿದು ನಿಂತವನಿಗೆ ಕಾಣುವುದು ಬರೀ ಎಲೆ, ಮೇಲಿನಿಂದ ಬಿಸಿಲು, ಪರದೆಯ ಮೇಲೆ ತನ್ನದೇ ಮುಖದ ನೆರಳು. ಅಂಥ ಬೆಳಕಿನಲ್ಲಿ ಅಗ್ಗದ ಪರದೆ ಮಂಕಾಗುತ್ತದೆ. ಅಗ್ಗದ ಸೆಟ್ಟಿನ ಜಿಪಿಎಸ್ ಒಮ್ಮೊಮ್ಮೆ ಪಕ್ಕದವರ ಬದುವಿನ ಮೇಲೆ ನಿಲ್ಲಿಸುತ್ತದೆ. ಸರಿಯಾಗಿ ದಾಖಲಾದರೆ ಬೆಳೆ ಪಹಣಿಗೆ ಏರುತ್ತದೆ. ಹಾನಿ ಪರಿಹಾರ, ವಿಮೆ, ಬೆಂಬಲ ಬೆಲೆ ಎಲ್ಲಕ್ಕೂ ಅದೇ ಆಧಾರ. ಆಗದಿದ್ದರೆ ಸಮೀಕ್ಷೆಗೆಂದು ನೇಮಿಸಿದ ಊರಿನ 'ಖಾಸಗಿ ನಿವಾಸಿ' ಬರುವ ತನಕ ಕಾಯಬೇಕು.

ಸರ್ಕಾರದ ಇಂಥ ಆ್ಯಪ್‌ಗಳು ಹೆಚ್ಚಾಗಿ ಮೊದಲು ಬರುವುದು ಆಂಡ್ರಾಯ್ಡಿಗೆ. ಬಹುಪಾಲು ಜನರ ಕೈಯಲ್ಲಿ ಅದೇ ಇರುವಾಗ ಅಲ್ಲಿಂದ ಶುರು ಮಾಡುವುದು ತಪ್ಪಲ್ಲ, ಅಲ್ಲಿಗೇ ನಿಲ್ಲುವುದು ತಪ್ಪು. ಐಫೋನ್ ಇದ್ದವನೂ ರೈತನೇ. ಕೀಪ್ಯಾಡ್ ಸೆಟ್ ಇದ್ದವನೂ ರೈತನೇ. ಹಣ ಕಳಿಸುವ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರ ಮಾರ್ಚಿನಲ್ಲಿ ಕೀಪ್ಯಾಡ್ ಫೋನಿನಿಂದಲೂ ಯುಪಿಐ ಮಾಡುವ 123ಪೇ ತಂದಿತಲ್ಲ, ಆ ವಿವೇಕ ಬೇರೆ ಇಲಾಖೆಗಳಿಗೂ ಬರಬೇಕು. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಮಾಡುವ ಸಣ್ಣ ತಯಾರಕರಿಗೆ ಇದು ಮೊದಲೇ ಗೊತ್ತಿತ್ತು. ಯಾವ ಫೋನಿನಿಂದ ಕರೆ ಹೋದರೂ ಮೋಟರ್ ಚಾಲೂ ಆಗುತ್ತದೆ.

ಇನ್ನು ರಿಪೇರಿ. ಟ್ರ್ಯಾಕ್ಟರ್ ಮೇಲಿಂದ ಬಿದ್ದು ಗಾಜು ಒಡೆದ ಆಂಡ್ರಾಯ್ಡ್ ಸೆಟ್ಟನ್ನು ಮೂಡಲಗಿಗೋ ಗೋಕಾಕಕ್ಕೋ ಒಯ್ದರೆ ಸಂಜೆಯೊಳಗೆ ಕೈಗೆ ಬರುತ್ತದೆ. ರಿಪೇರಿಯವನು ಬಿಸಿಗಾಳಿ ಊದಿ ಅಂಟು ಸಡಿಲಿಸಿ, ತೆಳ್ಳನೆಯ ಪ್ಲಾಸ್ಟಿಕ್ ಚೂರನ್ನು ಸಂದಿಗೆ ತೂರಿಸಿ ಸುತ್ತಲೂ ಎಳೆದು, ಒಡೆದ ಕಾಂಬೊ ತೆಗೆದು ಹೊಸದು ಕೂರಿಸುತ್ತಾನೆ. ಪರದೆ ಮತ್ತು ಟಚ್ ಕೂಡಿದ ಭಾಗಕ್ಕೆ ಈ ಧಂದೆಯಲ್ಲಿ ಕಾಂಬೊ ಎನ್ನುತ್ತಾರೆ. ಬ್ರಶ್ಶಿನಿಂದ ಕಬ್ಬಿನ ಧೂಳು ಝಾಡಿಸಿ, ಚಾರ್ಜಿಂಗ್ ಬೋರ್ಡ್ ಸವೆದಿದ್ದರೆ ಅದನ್ನೂ ಬದಲಿಸಿ, ರಬ್ಬರ್ ಬ್ಯಾಂಡ್ ಬಿಗಿದು ಅಂಟು ಒಣಗಲು ಇಡುತ್ತಾನೆ. "ಕಾಕಾ, ಒಂದ್ ತಾಸ್ ಬಿಟ್ಟ್ ತಗೀರಿ, ಈಗ ತಗದ್ರ ಕಿತ್ತ್ ಬರ್ತೈತಿ." ಐಫೋನಿನ ಗಾಜನ್ನೂ ಹಾಕುವವರಿದ್ದಾರೆ. ಆದರೆ ಕಂಪನಿಯದಲ್ಲದ ಭಾಗ ಕೂರಿಸಿದರೆ ಹೊಸ ಐಫೋನುಗಳು ಸೆಟ್ಟಿಂಗಿನಲ್ಲಿ ಅಪರಿಚಿತ ಭಾಗ ಎಂದು ತೋರಿಸುತ್ತವೆ. ಅಸಲಿ ಭಾಗ ಬೇಕೆಂದರೆ ದೊಡ್ಡ ಊರಿನ ಅಧಿಕೃತ ಸೇವಾಕೇಂದ್ರಕ್ಕೆ ಹೋಗಬೇಕು, ದುಡ್ಡೂ ಹೆಚ್ಚು, ದಿನವೂ ಹೆಚ್ಚು. ಅಷ್ಟು ದಿನ ಓಟಿಪಿ ಯಾವ ಫೋನಿಗೆ ಬರಬೇಕು?

ಇಷ್ಟೆಲ್ಲ ಆದ ಮೇಲೂ ಮಗನ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಆಯುಷ್ಯದ ವಿಷಯದಲ್ಲಿ ಅವನು ಹೇಳಿದ್ದು ನಿಜ. 2015ರಲ್ಲಿ ಬಂದ ಐಫೋನ್ 6ಎಸ್ ಸೆಟ್ಟಿಗೆ 2021ರ ಐಓಎಸ್ 15ರವರೆಗೆ ಹೊಸ ಆವೃತ್ತಿ ಸಿಕ್ಕಿತು. ಭದ್ರತೆಯ ತಿದ್ದುಪಡಿ 2024ರಲ್ಲೂ ಬಂತು. ಅದೇ ಕಾಲದ ಅಗ್ಗದ ಆಂಡ್ರಾಯ್ಡ್ ಸೆಟ್ಟಿಗೆ ಒಂದೋ ಎರಡೋ ಆವೃತ್ತಿ ಬಂದರೆ ಪುಣ್ಯ. ತಿದ್ದುಪಡಿ ಬಾರದ ಫೋನ್ ಮೇಲ್ನೋಟಕ್ಕೆ ಚೆನ್ನಾಗಿಯೇ ನಡೆಯುತ್ತದೆ, ಒಳಗೆ ಬಾಗಿಲು ತೆರೆದೇ ಇರುತ್ತದೆ. ಜೊತೆಗೆ ಅಗ್ಗದ ಸೆಟ್ಟಿನಲ್ಲಿ ಕಂಪನಿಯೇ ತುಂಬಿ ಕಳಿಸಿದ ಬೇಡದ ಆ್ಯಪ್‌ಗಳು, ಲಾಕ್ ತೆಗೆದರೆ ಜಾಹೀರಾತು, ಸಾಲ ಬೇಕೇ ಎನ್ನುವ ಪಟ್ಟಿ. ಸಾಲದ ಮಾತಿಗೆ ಮರುಳಾಗಿ ಕಂಗೆಟ್ಟವರು ಎಲ್ಲ ತಾಲ್ಲೂಕಿನಲ್ಲೂ ಇದ್ದಾರೆ.

ಇದಕ್ಕಿಂತ ದೊಡ್ಡ ಅಪಾಯ ಎಪಿಕೆ ಕಡತದ್ದು, ಅಂದರೆ ಆಂಡ್ರಾಯ್ಡ್ ಆ್ಯಪನ್ನು ಹೊತ್ತು ಬರುವ ಕಡತದ್ದು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಕಬ್ಬಿನ ಬಿಲ್ಲು ಬಂದ ಖಾತೆಗಳಿಗೆ ಇದು ನೇರವಾಗಿ ತಟ್ಟುತ್ತದೆ. ವಾಟ್ಸ್‌ಆ್ಯಪಿಗೆ ಒಂದು ಕಡತ ಬರುತ್ತದೆ. ಹೆಸರು ಪಿಎಂ ಕಿಸಾನ್ ಎಂದೋ, ಮದುವೆಯ ಆಮಂತ್ರಣ ಎಂದೋ, ಬ್ಯಾಂಕಿನ ಕೆವೈಸಿ ಎಂದೋ ಇರುತ್ತದೆ. ಕಳಿಸಿದವರು ಗುರುತಿನವರೇ, ಅವರ ಫೋನನ್ನು ಮೊದಲೇ ಕಳ್ಳರು ಹಿಡಿದಿರುತ್ತಾರೆ. ಒತ್ತಿದರೆ, ಹೊರಗಿನ ಆ್ಯಪ್ ಹಾಕಲು ಅನುಮತಿ ಕೊಡುತ್ತೀರಾ ಎಂದು ಆಂಡ್ರಾಯ್ಡ್ ಕೇಳುತ್ತದೆ. ಅವಸರದಲ್ಲಿ ಹೌದು ಎಂದುಬಿಟ್ಟರೆ ಆ ಆ್ಯಪ್ ಒಳಗೆ ಕುಳಿತು ಮೆಸೇಜ್ ಓದಿ ಓಟಿಪಿಯನ್ನು ಕಳ್ಳರಿಗೆ ಮುಟ್ಟಿಸುತ್ತದೆ. ವರ್ಷದ ದುಡಿಮೆ ನಿಮಿಷಗಳಲ್ಲಿ ಖಾಲಿ. ಐಫೋನಿನಲ್ಲಿ ಎಪಿಕೆ ತೆರೆಯುವುದೇ ಇಲ್ಲ, ಭಾರತದಲ್ಲಿ ಅದರ ಆ್ಯಪ್‌ಗಳು ಬರುವ ದಾರಿ ಆ್ಯಪಲ್‌ನ ಅಂಗಡಿಯೊಂದೇ. ಮೋಸದ ಕರೆ, ಮೋಸದ ಲಿಂಕ್ ಐಫೋನಿಗೂ ಬರುತ್ತವೆ. ಆದರೂ ಈ ಒಂದು ಕಿಂಡಿ ಅಲ್ಲಿ ಮುಚ್ಚಿದೆ.

ಹೊರಗಿನ ಆ್ಯಪ್ ಹಾಕುವ ಇದೇ ಸ್ವಾತಂತ್ರ್ಯ ಆಂಡ್ರಾಯ್ಡಿನ ಬಲವೂ ಹೌದು. ಅದನ್ನು ಕಿತ್ತುಹಾಕಿ ಎನ್ನುವುದಕ್ಕಿಂತ ಮನೆಯ ಹಿರಿಯರ ಫೋನಿನಲ್ಲಿ ಅದನ್ನು ಬಂದ್ ಮಾಡಿಡುವುದು ಸರಿಯಾದ ದಾರಿ. ಸೆಟ್ಟಿಂಗಿನಲ್ಲಿ ಅಪರಿಚಿತ ಆ್ಯಪ್ ಸ್ಥಾಪನೆ ಎಂಬಲ್ಲಿಗೆ ಹೋಗಿ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್ ಮೂರಕ್ಕೂ ಅನುಮತಿ ತೆಗೆಯಬೇಕು. ಕಾಲೇಜಿಗೆ ಹೋಗುವ ಮಕ್ಕಳು ಇದೊಂದನ್ನು ಊರಿನ ಎಲ್ಲ ಮನೆಗಳಲ್ಲಿ ಮಾಡಿಕೊಟ್ಟರೆ ಎಷ್ಟು ಖಾತೆಗಳು ಉಳಿದಾವು! ದುಡ್ಡು ಹೋದ ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡುವುದೂ ಎಲ್ಲರ ಬಾಯಲ್ಲಿರಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ.

ಐಫೋನ್ ಕೊಂಡವರೂ ಈ ಕಡೆ ಇದ್ದಾರೆ. ಸೈನ್ಯದಿಂದ ರಜೆಗೆ ಬಂದವರ ಕೈಯಲ್ಲಿ, ಬೆಂಗಳೂರು ಪುಣೆಗೆ ನೌಕರಿಗೆ ಹೋದವರ ಕೈಯಲ್ಲಿ ಕಾಣುತ್ತದೆ. ಈಗಿನ ಐಫೋನ್ ಕರ್ನಾಟಕದ ಕೈಗಳಿಂದಲೂ ಬರುತ್ತಿದೆ. 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ವಿಸ್ಟ್ರಾನ್ ಕಂಪನಿ ಐಫೋನ್ ಎಸ್‌ಇ ಜೋಡಿಸತೊಡಗಿತು. ಆಮೇಲೆ ಕೋಲಾರದ ನರಸಾಪುರದಲ್ಲಿ ಕಾರ್ಖಾನೆ ಎದ್ದಿತು, 2023ರಲ್ಲಿ ಅದನ್ನು ಟಾಟಾ ಕೊಂಡಿತು. ದೇವನಹಳ್ಳಿಯ ಕಡೆ ಫಾಕ್ಸ್‌ಕಾನ್ ಬಂದಿದೆ. ಇಷ್ಟಾದರೂ 2025ರಲ್ಲಿ ಐಫೋನ್ 17ರ ಬೆಲೆ ಇಪ್ಪತ್ತೈದು ಟನ್ನೇ ಇತ್ತು.

ಹೊಸದು ಕೊಳ್ಳಲಾಗದವರು ಸೆಕೆಂಡ್ ಹ್ಯಾಂಡ್ ಐಫೋನಿನತ್ತ ನೋಡುತ್ತಾರೆ. ಅದರಲ್ಲಿ ತಪ್ಪಿಲ್ಲ, ಒಂದು ಎಚ್ಚರ ಬೇಕು. 2013ರಿಂದ ಐಫೋನಿನಲ್ಲಿ ಆಕ್ಟಿವೇಶನ್ ಲಾಕ್ ಇದೆ. ಮೊದಲ ಮಾಲೀಕ ತನ್ನ ಆ್ಯಪಲ್ ಖಾತೆಯನ್ನು ತಾನೇ ತೆಗೆಯದಿದ್ದರೆ ಆ ಸೆಟ್ ಇನ್ನೊಬ್ಬರಿಗೆ ಕೆಲಸಕ್ಕೆ ಬಾರದು. ಕೊಳ್ಳುವವನು ಮಾಲೀಕನ ಎದುರೇ ಖಾತೆ ತೆಗೆಸಿ, ಫೋನನ್ನು ಪೂರ್ತಿ ಅಳಿಸಿ, ತನ್ನ ಖಾತೆ ಹಾಕಿ ನೋಡಿದ ಮೇಲೆಯೇ ದುಡ್ಡು ಎಣಿಸಬೇಕು.

ಒಂದರಿಂದ ಇನ್ನೊಂದಕ್ಕೆ ಹೋಗುವುದು ಮೊದಲಿಗಿಂತ ಸುಲಭವಾಗಿದೆ. 2022ರವರೆಗೆ ಆಂಡ್ರಾಯ್ಡಿನ ವಾಟ್ಸ್‌ಆ್ಯಪ್ ಮಾತುಕತೆಗಳನ್ನು ಐಫೋನಿಗೆ ಒಯ್ಯಲು ಕಂಪನಿಯ ದಾರಿಯೇ ಇರಲಿಲ್ಲ. ತೀರಿಹೋದ ತಾಯಿಯ ಧ್ವನಿ ಮೆಸೇಜ್ ಹಳೆಯ ಸೆಟ್ಟಿನಲ್ಲಿ ಉಳಿಯುತ್ತದೆಂದು ಫೋನ್ ಬದಲಿಸದವರು ಇರುತ್ತಿದ್ದರು. ಆ ವರ್ಷದ ಜುಲೈ ಹೊತ್ತಿಗೆ ದಾರಿಯಾಯಿತು. 2023ರಲ್ಲಿ ಐಫೋನ್ 15ರಿಂದ ಚಾರ್ಜರ್ ಪಿನ್ನೂ ಟೈಪ್ ಸಿ ಆಯಿತು. ಯುರೋಪಿನ ಕಾನೂನು 2024ರ ಕೊನೆಯೊಳಗೆ ಒಂದೇ ಪಿನ್ ಇರಲಿ ಎಂದು ಹಟ ಹಿಡಿದದ್ದರ ಫಲ. ಕರೆಂಟ್ ಇರುವ ಹೊತ್ತಿನಲ್ಲೇ ಎಲ್ಲರ ಫೋನ್ ಚಾರ್ಜ್ ಆಗಬೇಕಾದ ಮನೆಯಲ್ಲಿ ಒಂದೇ ವೈರ್ ಸಾಕಾಗುವುದು ದೊಡ್ಡ ಅನುಕೂಲ.

ನಮ್ಮಲ್ಲೂ ಇಂಥ ಹಟ ನಡೆದಿದೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ತನ್ನ ಆ್ಯಪ್‌ಗಳನ್ನೆಲ್ಲ ಒಂದೇ ಗಂಟಾಗಿ ಫೋನ್ ತಯಾರಕರ ಮೇಲೆ ಹೇರುತ್ತದೆ ಎಂಬುದು ಮುಖ್ಯ ಆಕ್ಷೇಪ. ಮರುವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಡಲಿಲ್ಲ, ಗೂಗಲ್ ಕೆಲವು ನಿಯಮ ಸಡಿಲಿಸಿತು. ನೂರರಲ್ಲಿ ತೊಂಬತ್ತೈದು ಜನ ಒಂದೇ ಕಂಪನಿಯ ಹಾದಿಯಲ್ಲಿ ನಡೆಯುವಾಗ ಆ ಹಾದಿಯ ಮೇಲೆ ಕಣ್ಣಿಡುವವರು ಬೇಕೇ ಬೇಕು. ಐಐಟಿ ಮದ್ರಾಸಿನ ನೆರವಿನಿಂದ 2023ರಲ್ಲಿ ತೋರಿಸಿದ ದೇಸಿ ವ್ಯವಸ್ಥೆ ಭಾರ್‌ಓಎಸ್ ಸದ್ಯ ಕುಲಗೋಡದ ಅಂಗಡಿಯ ಗಾಜಿನ ಕಪಾಟಿಗೆ ಬಂದಿಲ್ಲ.

ಹಾಗಾದರೆ ಅಪ್ಪ ಯಾವುದನ್ನು ತರಬೇಕು? ಮಧ್ಯದ ದಾರಿಯೊಂದು ಈಚೆಗೆ ತೆರೆದಿದೆ. 2024ರಲ್ಲಿ ಸ್ಯಾಮ್ಸಂಗ್ 18,999 ರೂಪಾಯಿಯ ಎ16 5ಜಿ ಸೆಟ್ಟಿಗೆ ಆರು ವರ್ಷದ ಅಪ್‌ಡೇಟ್ ಕೊಡುತ್ತೇನೆಂದು ಮಾತು ಕೊಟ್ಟಿತು. ಮೆಮರಿ ಕಾರ್ಡಿನ ಗೂಡೂ ಅದರಲ್ಲಿದೆ. ಗೂಗಲ್‌ನ ಪಿಕ್ಸೆಲ್ 8ರಿಂದಾಚೆಯ ದುಬಾರಿ ಸೆಟ್ಟುಗಳಿಗೆ ಏಳು ವರ್ಷ. ಅಂದರೆ ಆರು ಟನ್ ಕಬ್ಬಿಗೆ ಆರು ವರ್ಷ ಬಾಳುವ, ಕನ್ನಡ ಬಲ್ಲ, ಮೂಡಲಗಿಯಲ್ಲಿ ರಿಪೇರಿಯಾಗುವ ಫೋನ್ ಸಿಗುತ್ತದೆ. ಹತ್ತು ಸಾವಿರದ್ದಕ್ಕಿಂತ ಮೂರು ಟನ್ ಹೆಚ್ಚು, ಆದರೆ ಎರಡು ವರ್ಷಕ್ಕೊಮ್ಮೆ ಬದಲಿಸುವ ತಾಪತ್ರಯವಿಲ್ಲ. ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎನ್ನುವುದಕ್ಕಿಂತ ಮೊದಲು ಎಷ್ಟು ವರ್ಷ ಅಪ್‌ಡೇಟ್ ಎಂದು ಕೇಳಬೇಕು. ಮಗನಿಗೆ ಐಫೋನೇ ಬೇಕೆಂದಿದ್ದರೆ ತನ್ನ ಮೊದಲ ಪಗಾರದಲ್ಲಿ ಕೊಳ್ಳಲಿ. ವಿಡಿಯೊ ಮಾಡುವ, ಪಟ್ಟಣದಲ್ಲಿ ಇರುವ ಹುಡುಗನಿಗೆ ಅದು ಒಳ್ಳೆಯ ಆಯ್ಕೆಯೇ.

ಡಬ್ಬಿ ಒಡೆಯುವ ಹೊತ್ತಿಗೆ ಒಂದು ಕೆಲಸ ಉಳಿಯುತ್ತದೆ, ಬಹಳ ಮಂದಿ ಅದನ್ನು ಅಂಗಡಿಯವನಿಗೇ ಬಿಟ್ಟುಬಿಡುತ್ತಾರೆ. ಜಿಮೇಲ್ ಇಲ್ಲವೆಂದರೆ ಅವನು ತನಗೆ ತೋಚಿದ ಹೆಸರಿನಲ್ಲಿ ಒಂದು ಖಾತೆ ಮಾಡಿ, ತೋಚಿದ ಪಾಸ್‌ವರ್ಡ್ ಹಾಕಿ ಫೋನ್ ಚಾಲೂ ಮಾಡಿಕೊಡುತ್ತಾನೆ. ವರ್ಷ ಕಳೆದು ಪ್ಯಾಟರ್ನ್ ಮರೆತು ಫೋನ್ ಅಳಿಸಬೇಕಾಗಿ ಬಂದಾಗ ಆಂಡ್ರಾಯ್ಡ್ ಹಳೆಯ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಅದು ಮನೆಯವರಿಗೂ ಗೊತ್ತಿಲ್ಲ, ಅಂಗಡಿಯವನಿಗೂ ನೆನಪಿಲ್ಲ. ಸ್ವಂತ ದುಡ್ಡಿನ ಫೋನ್ ಮಾಲೀಕನಿಗೇ ಬೀಗ ಹಾಕಿಕೊಂಡು ಕೂರುತ್ತದೆ. ಆದ್ದರಿಂದ ಖಾತೆಯನ್ನು ಮನೆಯ ಹುಡುಗ ಹುಡುಗಿಯರೇ ಅಪ್ಪನ ಹೆಸರಿನಲ್ಲಿ, ಅಪ್ಪನ ನಂಬರಿಗೆ ಮಾಡಬೇಕು. ಭಾಷೆ ಕನ್ನಡಕ್ಕೆ ಹಾಕಿ, ಹೊರಗಿನ ಆ್ಯಪಿನ ಅನುಮತಿ ಬಂದ್ ಮಾಡಿ, ಪಾಸ್‌ವರ್ಡನ್ನು ಒಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಕಬ್ಬಿನ ತೂಕದ ಚೀಟಿ, ಸೊಸೈಟಿ ಪಾವತಿ ಇಡುವ ಚೀಲದಲ್ಲೇ ಇಡಬೇಕು.